ನೆಲ ನಕ್ಕು ಗುದ್ದಲಿಗೆ ಹೆಸರಿಟ್ಟಿದ್ದು

ಲೋಕ ಆಗಿನ್ನೂ ಹೊಚ್ಚ ಹೊಸದು. ಬೆಟ್ಟಗಳು ಎಲ್ಲಿ ಕೂರೋಣ ಎಂದು ಜಾಗ ಹುಡುಕುತ್ತಿದ್ದವು. ನೆಲ ಮಾತ್ರ ರೊಟ್ಟಿಯ ಹಂಚಿನ ಹಾಗೆ ಗಟ್ಟಿಯಾಗಿ ಮಲಗಿತ್ತು. ಅದನ್ನು ಯಾರೂ ಅಗೆದಿರಲಿಲ್ಲ. ಅಗೆಯಬಹುದು ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಆಗ ಕೆಂಚವ್ವ ಎಂಬ ಹೆಂಗಸೂ ಅವಳ ಮಗಳು ಚೆಲುವಿಯೂ ಇದ್ದರು. ಕೆಂಚವ್ವ ನೆಲದ ಮೇಲೆ ಬೀಜ ಚೆಲ್ಲಿದಳು. ಗಾಳಿ ಹೊತ್ತುಕೊಂಡು ಹೋಯಿತು. ಮತ್ತೆ ಚೆಲ್ಲಿದಳು. ಸೂರ್ಯ ಹುರಿದು ಹಾಕಿದ. ಕೊನೆಗೆ ಒಂದು ಹಿಡಿ ಅವರೆ ಬೀಜ ಉಳಿಯಿತು.

"ಗಾಳಿಯಪ್ಪಾ, ಸ್ವಲ್ಪ ಸುಮ್ಮನಿರು" ಎಂದಳು ಕೆಂಚವ್ವ.

"ಸುಮ್ಮನಿದ್ದರೆ ನಾನು ಗಾಳಿ ಹೇಗಾಗ್ತೀನಿ ತಾಯಿ?" ಎಂದಿತು ಗಾಳಿ.

"ಸೂರ್ಯಪ್ಪಾ, ನೀನಾದರೂ ಸ್ವಲ್ಪ ತಣ್ಣಗಿರು."

"ತಣ್ಣಗಿದ್ದರೆ ನಾನು ಸೂರ್ಯ ಹೇಗಾಗ್ತೀನಿ ತಾಯಿ?" ಎಂದ ಸೂರ್ಯ.

"ಅವ್ವಾ, ಇದೂ ಹೋದರೆ ಏನು ತಿನ್ನೋದು?" ಎಂದು ಚೆಲುವಿ ಅತ್ತಳು. ಕೆಂಚವ್ವ ಬೀಜದ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದಳು.

ಅಷ್ಟರಲ್ಲಿ ಚಂದ್ರಮುಕುಟ ಹಕ್ಕಿ ಹಾರಿ ಬಂತು. ಆಗ ಅದರ ಕೊಕ್ಕು ಗಿಡ್ಡ, ತಲೆ ನುಣ್ಣಗೆ. ಪಾಪ, ಅದಕ್ಕೂ ಹಸಿವು.

"ಕೆಳಗೆ ಹುಳ ಹರಿದಾಡೋ ಸದ್ದು ಕೇಳಿಸುತ್ತೆ ಕೆಂಚವ್ವಾ, ಬಾಯಿಗೆ ಮಾತ್ರ ಸಿಗಲೊಲ್ಲದು" ಎನ್ನುತ್ತಾ ಅದು ಒಂದು ಸಣ್ಣ ಬಿರುಕಿಗೆ ಕೊಕ್ಕು ತೂರಿಸಿತು.

ಹುಟ್ಟಿದಾಗಿನಿಂದ ಯಾರೂ ಕೆದಕದ ನೆಲ ಅದು. ಕಚಗುಳಿಯಾಗಿಬಿಟ್ಟಿತು! ಕಿಸಕ್ಕನೆ ನಕ್ಕಿತು. ನಕ್ಕ ರಭಸಕ್ಕೆ ಬಿರುಕು ಮುಚ್ಚಿಕೊಂಡಿತು. ಕೊಕ್ಕು ಒಳಗೇ ಸಿಕ್ಕಿಬಿತ್ತು.

"ಹುಪ್! ಹುಪ್! ಎಳೀರಿ, ಎಳೀರಿ!"

ಕೆಂಚವ್ವ ಹಕ್ಕಿಯನ್ನು ಎಳೆದಳು. ಚೆಲುವಿ ಕೆಂಚವ್ವನನ್ನು ಎಳೆದಳು. ಎಳೆದರು, ಎಳೆದರು, ಮೂವರೂ ದೊಪ್ಪೆಂದು ಹಿಂದಕ್ಕೆ ಬಿದ್ದರು. ನೋಡಿದರೆ ಹಕ್ಕಿಯ ಕೊಕ್ಕು ಉದ್ದವಾಗಿ, ತುದಿಗೆ ಬಾಗಿತ್ತು. ಹೆದರಿಕೆಗೆ ನೆತ್ತಿಯ ಗರಿಗಳೆಲ್ಲ ನೆಟ್ಟಗೆ ನಿಂತಿದ್ದವು. ಕೊಕ್ಕಿನಲ್ಲೊಂದು ದಪ್ಪ ಹುಳವೂ ಇತ್ತು!

ಬಿರುಕಿದ್ದ ಜಾಗದಲ್ಲಿ ಪುಟ್ಟ ಗುಂಡಿಯಾಗಿತ್ತು. ಕೆಂಚವ್ವ ಬೆರಳಿಟ್ಟಳು. ಒಳಗೆ ತಂಪು, ಮೆತ್ತಗೆ.

"ಚೆಲುವೀ, ಇಲ್ಲಿಗೆ ಗಾಳಿ ಬರೋಲ್ಲ ಕಣೇ, ಬಿಸಿಲೂ ಬರೋಲ್ಲ!"

ಅವಳು ಹಕ್ಕಿಯ ತಲೆಯನ್ನೇ ದಿಟ್ಟಿಸಿ ನೋಡಿದಳು. ಮುಂದೆ ಉದ್ದ ಕೊಕ್ಕು, ಹಿಂದೆ ಜುಟ್ಟು. ಅದೇ ಆಕಾರದ ಚೂಪುಗಲ್ಲು ಹುಡುಕಿ, ಒಂದು ಕೋಲಿನ ತುದಿಗೆ ಅಡ್ಡಲಾಗಿ ನಾರಿನಿಂದ ಕಟ್ಟಿದಳು. ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

"ನೆಲದವ್ವಾ, ನಿನಗೆ ನೋವಾದರೆ? ಈ ಕೋಲು ಗುದ್ದಲೋ, ಬೇಡವೋ?"

ನೆಲಕ್ಕೆ ಇನ್ನೂ ನಗು ನಿಂತಿರಲಿಲ್ಲ. "ಗುದ್ದಲಿ, ಗುದ್ದಲಿ! ಆದರೆ ತೆಗೆದ ಗುಂಡಿಯನ್ನು ಬರಿದೇ ಬಿಡಬೇಡ ಮಗಳೇ. ಏನಾದರೂ ಇಟ್ಟು ಮುಚ್ಚು."

ಚೆಲುವಿ ಕುಣಿದಾಡಿದಳು. "ಅವ್ವಾ, ನಿನ್ನ ಕೋಲಿಗೆ ನೆಲ ಹೆಸರಿಟ್ಟಿತು! ಗುದ್ದಲಿಯಂತೆ, ಗುದ್ದಲಿ!"

ಇಬ್ಬರೂ ಗುಂಡಿ ತೋಡಿದರು. ಒಂದೊಂದರಲ್ಲಿ ಒಂದೊಂದು ಬೀಜವಿಟ್ಟು ಮುಚ್ಚಿದರು. ಗಾಳಿ ಬಂದು ಹುಡುಕಿತು, ಬೀಜ ಸಿಗಲಿಲ್ಲ. ಸೂರ್ಯ ಇಣುಕಿದ, ಬೀಜ ಕಾಣಲಿಲ್ಲ. ಐದನೇ ದಿನ ಅವರೆ ಮೊಳಕೆಗಳು ಬೆನ್ನು ಬಗ್ಗಿಸಿಕೊಂಡು ಮೇಲೆ ಬಂದವು. ಮೂರು ತಿಂಗಳಿಗೆ ಬಳ್ಳಿಯ ತುಂಬ ಕಾಯಿ. ಊರವರೆಲ್ಲ ಅವರೆಕಾಯಿ ಸಾರು ಉಂಡು, "ಕೆಂಚವ್ವಾ, ನಮಗೂ ಒಂದು ಗುದ್ದಲಿ ಕಟ್ಟಿಕೊಡು" ಎಂದರು.

ಅದಕ್ಕೇ ಮಗು, ಇವತ್ತಿಗೂ ನಾವು ಗುದ್ದಲಿ ಹಿಡಿದು ಪಾತಿ ಮಾಡಿದ ಕಡೆಗೆ ಚಂದ್ರಮುಕುಟ ಹಾರಿ ಬರುತ್ತದೆ, ಇಳಿದ ಕೂಡಲೇ ಒಮ್ಮೆ ಬೆಚ್ಚಿ ಜುಟ್ಟು ಬಿಚ್ಚುತ್ತದೆ, ಆಮೇಲೆ ಬಾಗಿದ ಕೊಕ್ಕಿನಿಂದ ನೆಲಕ್ಕೆ ಮೆಲ್ಲಗೆ ಕಚಗುಳಿಯಿಡುತ್ತಾ ಓಡಾಡುತ್ತದೆ.