ಮಳೆಗೆ ಹಾಕಿದ ಚಿಲಕ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಸುತ್ತಲ ಹಳ್ಳಿಗಳ ಚಿಕ್ಕ ಮಕ್ಕಳು ಅಲ್ಲೇ ಇದ್ದುಕೊಂಡು ಓದುತ್ತಿದ್ದರು. ಅವರನ್ನು ನೋಡಿಕೊಳ್ಳುವ ಹೊಣೆಯನ್ನು ಗುರುಗಳು ಶಿವನಂಜನೆಂಬ ಶಿಷ್ಯನಿಗೆ ಒಪ್ಪಿಸಿ ಸಂಚಾರ ಹೊರಟಿದ್ದರು.

ಶಿವನಂಜ ಒಳ್ಳೆಯವನು, ಆದರೆ ಮಹಾ ಅಂಜುಬುರುಕ. ಒಂದು ತುಣುಕು ಮೋಡ ಕಂಡರೆ ಸಾಕು, ಮಕ್ಕಳನ್ನೆಲ್ಲ ಒಳಗೆ ಕೂಡಿ ಚಿಲಕ ಹಾಕುತ್ತಿದ್ದ.

ಗುರುಗಳು ಮರಳಿ ಬಂದ ಮಧ್ಯಾಹ್ನ ಮಳೆ ಸುರಿಯುತ್ತಿತ್ತು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಮಕ್ಕಳೆಲ್ಲಿ?"

"ಒಳಗಿದ್ದಾರೆ ಗುರುಗಳೇ. ಮಳೆ ಬರ್ತಿದೆಯಲ್ಲ."

"ನಿನ್ನೆ?"

"ನಿನ್ನೆ ವಿಪರೀತ ಗಾಳಿ."

"ಮೊನ್ನೆ?"

"ಮೊನ್ನೆ ಸುಡುಬಿಸಿಲು."

"ಹಾಗಾದರೆ ಇವರು ಆಡುವುದಕ್ಕೆ ದೇವರು ಇನ್ನೊಂದು ಕಾಲವನ್ನೇ ಹುಟ್ಟಿಸಬೇಕು ಅನ್ನು."

ಶಿವನಂಜನಿಗೆ ನಾಚಿಕೆಯಾಯಿತು. ಆದರೂ ಪಟ್ಟು ಬಿಡಲಿಲ್ಲ.

"ನೆನೆದರೆ ಬಟ್ಟೆ ಒಣಗಲ್ಲ ಗುರುಗಳೇ."

"ಒಲೆಯ ಮುಂದೆ ಹಿಡಿದುಕೊಂಡು ನಾನು ಕೂರುತ್ತೇನೆ. ಮುಂದೆ ಹೇಳು."

"ಒಳಗೆಲ್ಲ ಕೆಸರು ಮಾಡುತ್ತಾರೆ."

"ನೆಲ ನಾನು ಒರೆಸುತ್ತೇನೆ. ಮುಂದೆ."

"ಹೊಳೆ ಹತ್ತಿರವಿದೆ."

"ಹೊಳೆಗೂ ಅವರಿಗೂ ನಡುವೆ ನೀನು ನಿಲ್ಲು. ನಿನ್ನನ್ನು ಇಟ್ಟಿರುವುದೇ ಅದಕ್ಕೆ. ಮುಂದೆ."



"ಹೇಗೆ ತಂದು ಬಿಟ್ಟಿರೋ ಹಾಗೇ ಒಪ್ಪಿಸುತ್ತೇನೆ ಅಂತ ಇವರ ತಾಯಂದಿರಿಗೆ ಮಾತು ಕೊಟ್ಟಿದ್ದೇನೆ."

ಗುರುಗಳು ಹೋಗಿ ಚಿಲಕ ತೆಗೆದು ಬಾಗಿಲನ್ನು ಅಗಲವಾಗಿ ತೆರೆದರು.

"ಹೋಗಿ ಮಕ್ಕಳೇ, ಆಡಿಕೊಳ್ಳಿ!"

ಯಾರೂ ಏಳಲಿಲ್ಲ.

ಎಲ್ಲರಿಗಿಂತ ಚಿಕ್ಕವಳು ಚೆಲುವಿ. ಆಶ್ರಮಕ್ಕೆ ಬಂದ ದಿನ ಮೊಣಕಾಲುದ್ದ ಕೆಸರು ಮೆತ್ತಿಕೊಂಡು, ಅವ್ವನ ಕೈ ಕೊಸರಿಕೊಂಡು, ಮೇಕೆಮರಿಯ ಹಿಂದೆ ಓಡಿದ್ದ ಹುಡುಗಿ. ಈಗ ಗೋಡೆಗೊರಗಿ, ಕತ್ತಿನವರೆಗೆ ಕಂಬಳಿ ಹೊದ್ದು ಕೂತಿದ್ದಳು.

"ಬೇಡ ತಾತ," ಎಂದಳು. "ಬಟ್ಟೆ ಒಣಗಲ್ಲ. ಶೀತ ಆಗುತ್ತೆ."

ಮಾತೂ ಶಿವನಂಜನದೇ, ದನಿಯೂ ಶಿವನಂಜನದೇ. ಅವನು ಗುರುಗಳತ್ತ ತಿರುಗಿದ.

"ಇವಳು ಹೀಗಿರಲಿಲ್ಲ ಗುರುಗಳೇ."

"ಹೇಗೆ ಬಂದಳೋ ಹಾಗೇ ಒಪ್ಪಿಸುತ್ತೇನೆ ಅಂದೆಯಲ್ಲ?"

ಶಿವನಂಜ ತಲೆ ತಗ್ಗಿಸಿದ.

"ಏನು ಮಾಡಲಿ ಈಗ? ಎತ್ತಿಕೊಂಡು ಹೋಗಿ ಹೊರಗೆ ಬಿಡಲೇ?"

"ಹೆದರಿಸಿದ್ದು ಸಾಕು. ನೀನು ಹೋಗು."

"ನಾನೇ?"

ಗುರುಗಳು ಅವನ ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದುಕೊಂಡರು.

ಶಿವನಂಜ ಅಂಗಳಕ್ಕಿಳಿದ. ಮೊದಲು ಹಲ್ಲು ಕಚ್ಚಿಕೊಂಡು ಸುಮ್ಮನೆ ನಿಂತ. ಆಮೇಲೆ ಏನು ತೋಚಿತೋ, ಬಗ್ಗಿ ಹರಿಯುವ ನೀರಿಗೆ ಕೆಸರಿನ ಒಡ್ಡು ಕಟ್ಟತೊಡಗಿದ. ಒಡ್ಡು ಒಡೆಯಿತು. ಮತ್ತೆ ಕಟ್ಟಿದ. ಅವಸರದಲ್ಲಿ ಕಾಲು ಜಾರಿ ಕೆಸರಿನಲ್ಲಿ ಧೊಪ್ಪನೆ ಕೂತ.

ಒಳಗೆ ಯಾರೋ ಕಿಸಕ್ಕನೆ ನಕ್ಕರು.

ನಕ್ಕ ಹುಡುಗನೇ ಮೊದಲು ಹೊರಗೆ ಬಂದ. "ಹಾಗಲ್ಲ ಅಣ್ಣಾ, ಕಲ್ಲು ಇಡಬೇಕು," ಎಂದು ಕೂತೇಬಿಟ್ಟ. ಅವನ ಹಿಂದೆ ಇನ್ನಿಬ್ಬರು ಬಂದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದ ತುಂಬ ಗಲಾಟೆ.

ಚೆಲುವಿ ಮಾತ್ರ ಇಳಿಯಲಿಲ್ಲ. ಹೊಸಿಲಿನವರೆಗೆ ಬಂದಳು. ಸೂರಿನ ನೀರಿಗೆ ಅಂಗೈ ಒಡ್ಡಿದಳು. ಚಳುಕ್ಕೆಂದಿತೇನೋ, ಕೈ ಹಿಂದಕ್ಕೆಳೆದುಕೊಂಡು ಕಂಬಳಿಯೊಳಗೆ ಮುದುರಿಕೊಂಡಳು.

ಸಂಜೆಯಾಯಿತು. ಮಕ್ಕಳು ನಡುಗುತ್ತ, ನಗುತ್ತ ಒಲೆಯ ಸುತ್ತ ಸೇರಿದರು. ಗುರುಗಳು ಹೇಳಿದ ಮಾತಿನಂತೆ ಬಟ್ಟೆ ಹಿಂಡಲು ಕೂತಿದ್ದರು.

ಶಿವನಂಜ ಬಾಗಿಲಲ್ಲೇ ನಿಂತಿದ್ದ.

"ಗುರುಗಳೇ, ಚೆಲುವಿ ಬರಲಿಲ್ಲ."

"ನಾಳೆಯೂ ಹೋಗಿ ನಿಲ್ಲು."

"ಇನ್ನೂ ಜೋರಾಗಿ ಮಳೆ ಹಿಡಿದುಕೊಂಡರೆ?"

"ಮಳೆಯಲ್ಲಿ ನಿಲ್ಲು."

"ನಾಳೆಯೂ ಅವಳು ಬರದಿದ್ದರೆ? ಅಷ್ಟರಲ್ಲಿ ಮಳೆಗಾಲವೇ ಮುಗಿದುಹೋದರೆ?"

ಗುರುಗಳು ಒಂದು ಪುಟ್ಟ ಅಂಗಿಯನ್ನು ಕೊಡವಿ ಒಲೆಯ ಮುಂದೆ ಹಿಡಿದರು.

"ಬಿಸಿಲಲ್ಲಿ ನಿಲ್ಲು."