ಕದವಿಲ್ಲದ ಚೌಕಟ್ಟು

ನಕ್ಷತ್ರ ನಕ್ಷತ್ರಗಳ ನಡುವೆ ನೆಂಟಸ್ತನ ಬೆಳೆದಿದ್ದ ಕಾಲ. ಬೇರೆ ಬೇರೆ ಲೋಕದವರು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದರು. ಆ ಒಕ್ಕೂಟಕ್ಕೆ ದುಭಾಷಿಗಳನ್ನು ತಯಾರು ಮಾಡುವ ಆಶ್ರಮ ಒಂದು ಹೊಳೆಯ ದಡದಲ್ಲಿತ್ತು.

ಹೊಂಬಾಳೆ ಅಲ್ಲಿನ ಶಿಷ್ಯೆ. ಕೊಳ್ಳೇಗಾಲದ ಕಡೆಯವಳು. ಭೂಮಿಯಿಂದ ಆ ಆಶ್ರಮ ಸೇರಿದ ಮೊದಲನೆಯವಳೂ ಅವಳೇ.

ಗುರುಗಳ ಹೆಸರು ಓರಾಲ. ಯಾವ ಲೋಕದವರೋ ಯಾರಿಗೂ ತಿಳಿಯದು. ಋಷಿಮೂಲ, ನದಿಮೂಲ ಕೇಳಬಾರದು ಎನ್ನುವ ಮಾತನ್ನು ಹೊಂಬಾಳೆ ಊರಲ್ಲೇ ಕಲಿತು ಬಂದಿದ್ದಳು, ಕೇಳಿರಲಿಲ್ಲ. ನೋಡಿ ತಿಳಿಯೋಣವೆಂದರೆ ಮುಪ್ಪಿನಲ್ಲಿ ಎಲ್ಲ ಲೋಕದವರೂ ಒಂದೇ ಥರ ಕಾಣುತ್ತಾರೆ. ಮೈಯೆಲ್ಲ ಸುಕ್ಕು, ಕಣ್ಣು ಮಾತ್ರ ಹೊಸದು.

ಆದರೆ ಒಂದು ಮಾತನ್ನು ಮಾತ್ರ ಅವಳು ದಿನವೂ ಕೇಳುತ್ತಿದ್ದಳು. ಮಧ್ಯಾಹ್ನದ ಪಾಠಕ್ಕೆ ಕೂರುವ ಮುಂಚೆ ಆ ಮಾತು ಬಂದೇ ಬರುತ್ತಿತ್ತು.

“ಊಟ ಆಯ್ತಾ, ಗುರುಗಳೇ?”

ಗುರುಗಳು ಒಂದು ಗಳಿಗೆ ಹೊಳೆಯ ಕಡೆ ನೋಡುವರು. ಆಮೇಲೆ ಹೇಳುವರು, “ಆಯಿತು ಮಗು. ಪಾಠಕ್ಕೆ ಕೂರು.”

“ಆಯ್ತು ಗುರುಗಳೇ.”

ಇಷ್ಟು ನಡೆದರೆ ಅವಳಿಗೆ ಪಾಠ ತಲೆಗೆ ಹತ್ತುತ್ತಿತ್ತು. ಅವಳ ಊರಲ್ಲಿ ಎದುರು ಸಿಕ್ಕವರನ್ನು ಹೀಗೆ ಕೇಳದೆ ದಾಟಿ ಹೋದರೆ, ಏನೋ ಮುನಿಸು ಇದೆ ಎಂದೇ ಲೆಕ್ಕ.

ಒಕ್ಕೂಟದ ಸಭಾಮನೆಯಲ್ಲಿ ಒಂದೊಂದು ಲೋಕದವರೂ ಒಂದೊಂದು ಮುಚ್ಚಿದ ಬಾಗಿಲು ನಿಲ್ಲಿಸಿದ್ದರು. ಸುತ್ತ ಗೋಡೆಯಿಲ್ಲ, ಹಿಂದೆ ಮನೆಯಿಲ್ಲ, ಬರೀ ಬಾಗಿಲು. ನಮ್ಮಲ್ಲಿ ಆಡಬಾರದ್ದು, ಕೇಳಬಾರದ್ದು ಒಂದಿದೆ, ಅದು ಇದರ ಹಿಂದಿದೆ, ತಟ್ಟಬೇಡಿ ಎಂದು ಅದರ ಅರ್ಥ. ತಟ್ಟದಿರುವುದೇ ಒಕ್ಕೂಟದ ಮೊದಲ ಕಟ್ಟಳೆ.

ಭೂಮಿಯವರ ಸರದಿ ಬಂದಾಗ ಅವರು ಬರೀ ಚೌಕಟ್ಟು ನಿಲ್ಲಿಸಿ, ಮಾವಿನ ತೋರಣ ಕಟ್ಟಿದರು. ನಮ್ಮಲ್ಲಿ ಮುಚ್ಚುಮರೆ ಏನೂ ಇಲ್ಲ ಎಂದು ದೊಡ್ಡದಾಗಿ ಹೇಳಿಕೊಂಡರು. ಉಳಿದವರು ಮುಖ ಮುಖ ನೋಡಿಕೊಂಡರು. ಅಂದಿನಿಂದ ಒಕ್ಕೂಟದಲ್ಲಿ ಒಂದು ಗಾದೆಯೇ ಹುಟ್ಟಿಕೊಂಡಿತು: ಭೂಮಿಯವರ ಮನೆಗೆ ಕದವಿಲ್ಲ, ಬಾಯಿಗೆ ಅಗುಳಿಯಿಲ್ಲ.

ಆ ಗಾದೆ ಕೇಳಿದಾಗಲೆಲ್ಲ ಹೊಂಬಾಳೆಗೆ ಮೈ ಉರಿಯುತ್ತಿತ್ತು. ಏನು ಮಾಡುವುದು, ಭೂಮಿಯವರೊಬ್ಬರೂ ಇನ್ನೂ ದುಭಾಷಿ ಆಗಿರಲಿಲ್ಲ. ಬಾಯಿ ನಿಲ್ಲದವರ ಹತ್ತಿರ ಗುಟ್ಟಿನ ಮಾತು ಯಾರು ಆಡುತ್ತಾರೆ?

ಹೀಗಿರುವಾಗ ತಾರುಳ ಲೋಕದವರು ತಮಗೊಬ್ಬ ದುಭಾಷಿ ಬೇಕೆಂದು ಹೇಳಿಕಳಿಸಿದರು. ಗುರುಗಳು ಹೊಂಬಾಳೆಯ ಹೆಸರು ಹೇಳಿದರು. ತಾರುಳರು ಒಪ್ಪಿದರೆ ಭೂಮಿಯ ಮೊದಲ ದುಭಾಷಿ ಅವಳೇ. ಒಪ್ಪದಿದ್ದರೆ, ಇನ್ನು ಭೂಮಿಯವರನ್ನು ಆಶ್ರಮಕ್ಕೆ ಸೇರಿಸುವುದೇ ಬೇಡ ಎನ್ನುವವರು ಸಭೆಯಲ್ಲಿ ತುದಿಗಾಲಲ್ಲಿ ನಿಂತಿದ್ದರು.

“ಗುರುಗಳೇ, ತಾರುಳರ ಬಾಗಿಲ ಹಿಂದೆ ಏನಿದೆ?” ಎಂದು ಹೊಂಬಾಳೆ ಕೇಳಿದಳು.

“ಅದನ್ನು ಹೇಳುವ ಹಾಗಿದ್ದರೆ ಬಾಗಿಲು ಯಾಕೆ?”

“ಅಲ್ಲ ಗುರುಗಳೇ, ಏನು ಕೇಳಬಾರದು ಅಂತ ಗೊತ್ತಿದ್ರೆ ತಾನೆ ಕೇಳದೆ ಇರೋದು? ಅದೇನು ಅಂತ ಕೇಳೋ ಹಾಗೂ ಇಲ್ಲ ಅಂದ್ರೆ ಹೇಗೆ?”

“ಕತ್ತಲೆ ಕೋಣೆಯಲ್ಲಿ ಗೋಡೆ ಎಲ್ಲಿದೆ ಎಂದು ಹೇಗೆ ತಿಳಿಯುತ್ತದೆ?”

“ಕೈ ಚಾಚಿಕೊಂಡು ನಡೆದರೆ ತಿಳಿಯುತ್ತೆ.”

“ನೀನು ಕೈ ಚಾಚುವುದಿಲ್ಲ ಮಗು. ಹಣೆ ಚಾಚಿಕೊಂಡು ನಡೆಯುತ್ತೀಯ.”

ಹೊಂಬಾಳೆ ಹಣೆ ಉಜ್ಜಿಕೊಂಡು ನಕ್ಕಳು. ಗುರುಗಳು ನಗಲಿಲ್ಲ. ಇನ್ನೂ ಏನೋ ಹೇಳಲು ಬಾಯಿ ತೆರೆದರು, ಹೇಳದೆ ಮುಚ್ಚಿಕೊಂಡರು.

ತಾರುಳರು ಬೆಳಗಿನ ಹೊತ್ತು, ನಕ್ಷತ್ರ ದಾಟಿ ಬರುವ ದೋಣಿಯಲ್ಲಿ ಹೊಳೆಗೆ ಬಂದಿಳಿದರು. ಮುಂದೆ ಅವರ ಹಿರಿಯ ವೇನಾರು, ಹಿಂದೆ ಕೆಲವರು ಸಂಗಡಿಗರು. ಎಲ್ಲರೂ ಎತ್ತರದ ಆಳುಗಳು, ಎಲ್ಲರ ಮೈಮೇಲೂ ನೀಲಿ ಶಾಲು.

ಹೊಂಬಾಳೆ ಎದೆಗೆ ಕೈಯಿಟ್ಟು ಬಾಗಿ, ಅವರ ಮಾತಿನಲ್ಲೇ ಬರಮಾಡಿಕೊಂಡಳು. ಒಂದಕ್ಷರ ತಪ್ಪಲಿಲ್ಲ. ವೇನಾರು ತಲೆದೂಗಿದರು. ದೂರದಲ್ಲಿ ನಿಂತಿದ್ದ ಗುರುಗಳ ಕಣ್ಣು ಅರಳಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೆಟ್ಟಿಲು ಹತ್ತಿ ಬಂದ ವೇನಾರರ ಮುದಿಕಾಲು ನಡುಗುತ್ತಿರುವುದು ಹೊಂಬಾಳೆಯ ಕಣ್ಣಿಗೆ ಬಿತ್ತು. ಕಲಿತದ್ದೆಲ್ಲ ಅಲ್ಲೇ ಮರೆತುಹೋಯಿತು. ಅವ್ವ ನಾಲಿಗೆಯ ಮೇಲೆ ಬರೆದಿಟ್ಟದ್ದು ಹೊರಗೆ ಬಂತು.

“ಪಾಪ, ಅಷ್ಟು ದೂರದಿಂದ ಬಂದಿದ್ದೀರಿ. ಊಟ ಆಯ್ತಾ?”

ಅದನ್ನೂ ಅಪ್ಪಟ ತಾರುಳ ಮಾತಿನಲ್ಲೇ ಕೇಳಿದಳು. ಪಾಠದಲ್ಲಿ ಬಾರದ ಮಾತನ್ನೂ ಬಂದ ಪದಗಳಿಂದ ಜೋಡಿಸಿಕೊಳ್ಳುವಷ್ಟು ಚೆನ್ನಾಗಿ ಗುರುಗಳು ಕಲಿಸಿದ್ದರು.

ತಾರುಳರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ಅವಳಿಗೆ ಬೆನ್ನು ಹಾಕಿ, ಹೊಳೆಗೆ ಮುಖ ಮಾಡಿ, ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ನಿಂತರು.

ವೇನಾರು ತಿರುಗದೆಯೇ ಹೇಳಿದರು, “ದೋಣಿ ಸಂಜೆಗೆ ಹೊರಡುತ್ತದೆ. ದುಭಾಷಿಯಿಲ್ಲದೆ, ಬರಿದಾಗಿ.”

ಅವರು ಮೆಟ್ಟಿಲಿಳಿದು ಹೋದರು. ಹೊಂಬಾಳೆ ಗುರುಗಳ ಬಳಿ ಓಡಿದಳು.

“ಗುರುಗಳೇ, ನಾನೇನಂದೆ? ಬಾಯಿ ತಪ್ಪಿ ಕೆಟ್ಟ ಮಾತೇನಾದ್ರೂ ಬಂತಾ?”

“ನೀನು ಏನಂದೆ ಎಂದು ನನ್ನನ್ನು ಕೇಳಬೇಡ.” ಗುರುಗಳು ಹೊಳೆಯ ಕಡೆ ತಿರುಗಿದರು. “ನೋಡು.”

“ಏನನ್ನ ನೋಡಲಿ?”

“ಇಷ್ಟು ವರ್ಷ ನೋಡಿದ್ದನ್ನೇ.”

ಊಟದ ಗಂಟೆ ಹೊಡೆಯಿತು. ಶಿಷ್ಯರೆಲ್ಲ ಊಟದ ಮನೆಗೆ ನಡೆದರು. ಟಿಕ್ಕ ಎಂಬ ಗರಿಮೈಯ ಸಹಪಾಠಿ ಅವಳ ಪಕ್ಕದಲ್ಲಿ ಕುಪ್ಪಳಿಸುತ್ತ, “ಬಾರೇ, ಹೊಟ್ಟೆ ತುಂಬ ಉಂಡು ಹೋಗು. ಊರಿಗೆ ದಾರಿ ದೂರ,” ಎಂದ. ಗಾಯದ ಮೇಲೆ ಉಪ್ಪು ಸವರುವುದು ಅವನಿಗೆ ಗರಿ ಬಂದಾಗಿನಿಂದ ಅಭ್ಯಾಸ.

ಹೊಂಬಾಳೆ ಕಾಲೆಳೆಯುತ್ತ ಊಟದ ಮನೆಯ ಬಾಗಿಲ ತನಕ ಬಂದಳು. ಜಗುಲಿಯ ಮೇಲೆ ಗುರುಗಳು ದಿನದ ಹಾಗೆಯೇ ಕೂತಿದ್ದರು. ಊಟದ ಮನೆಗೆ ಬೆನ್ನು, ಹೊಳೆಗೆ ಮುಖ, ಎರಡೂ ಅಂಗೈ ಕಿವಿಯ ಮೇಲೆ.

ದಿನಾ ನೋಡುತ್ತಿದ್ದದ್ದೇ. ಜಪವಿರಬೇಕು ಎಂದುಕೊಂಡಿದ್ದಳು. ಅವಳ ಮನೆಯಲ್ಲಿ ಅಜ್ಜಿಯೂ ಹಾಗೆಯೇ, ಎಲ್ಲರದೂ ಆಗುವ ತನಕ ಜಗುಲಿಯ ಮೇಲೆ ಕೂತಿದ್ದು ಕಡೆಗೆ ಉಣ್ಣುತ್ತಿತ್ತು. ಗುರುಗಳದೂ ಅಂಥದೇ ದೊಡ್ಡ ಮನಸ್ಸು ಎಂದು ಅವಳು ನಂಬಿಬಿಟ್ಟಿದ್ದಳು.

ಹೊಂಬಾಳೆ ಹೊಸಿಲ ಮೇಲೆಯೇ ನಿಂತಳು. ಗುರುಗಳು ಒಂದು ತುತ್ತು ಎತ್ತಿದ್ದನ್ನು ತಾನು ಎಂದಾದರೂ ಕಂಡಿದ್ದೇನೆಯೇ? ಇಲ್ಲ. ಒಂದು ಗುಟುಕು ನೀರು? ಅದೂ ಇಲ್ಲ.

ಅವಳು ಒಳಗೆ ಹೋಗಲಿಲ್ಲ. ಗುರುಗಳ ಪಕ್ಕದಲ್ಲಿ ಹೊಳೆಗೆ ಮುಖ ಮಾಡಿ ಕೂತಳು. ಒಳಗೆ ತಟ್ಟೆಗಳ ಸದ್ದು ಅಡಗಿದ ಮೇಲೆ ಗುರುಗಳು ಕಿವಿಯ ಮೇಲಿನ ಕೈ ತೆಗೆದರು.

“ಗುರುಗಳೇ, ದಿನಾ... ನಾನು ದಿನಾ ನಿಮ್ಮನ್ನ...” ನಾಚಿಕೆಗೆ ಅವಳು ಭೂಮಿಗಿಳಿದು ಹೋಗುತ್ತಿದ್ದಳು, ಆ ಭೂಮಿಯಾದರೂ ಹತ್ತಿರವಿತ್ತೇ?

“ಮೊದಲನೇ ದಿನ ನಾನು ಹೊಳೆಗೆ ಹೋಗಿ ಕಿವಿ ತೊಳೆದುಕೊಂಡೆ,” ಎಂದರು ಗುರುಗಳು. “ಮರುದಿನವೂ ತೊಳೆದುಕೊಂಡೆ. ಆಮೇಲೊಂದು ದಿನ ನಿನ್ನ ಮುಖ ನೋಡಿದೆ. ಬೈಯುವವರ ಮುಖ ಹಾಗಿರುವುದಿಲ್ಲ.”

“ಹಾಗೆ ಕೇಳಬೇಡ ಅನ್ನಬಹುದಿತ್ತಲ್ಲ?”

“ಏನನ್ನು ಕೇಳಬೇಡ ಎನ್ನಲಿ? ಆ ಮಾತು ನನ್ನ ಬಾಯಿಗೆ ಬರಬೇಕಲ್ಲ.”

ಹೊಳೆ ಹರಿಯುತ್ತಿತ್ತು. ಗುರುಗಳು ಅದನ್ನೇ ನೋಡುತ್ತ ಹೇಳಿದರು, “ನಾನು ಹುಟ್ಟಿದ ಕಡೆ ಅದನ್ನು ಯಾರೂ ಯಾರನ್ನೂ ವಿಚಾರಿಸುವುದಿಲ್ಲ. ಹೆತ್ತವರೂ ವಿಚಾರಿಸುವುದಿಲ್ಲ. ನೀನೊಬ್ಬಳು ವಿಚಾರಿಸಿದೆ. ದಿನ ಬಿಡದೆ ವಿಚಾರಿಸಿದೆ.”

ಹೊಂಬಾಳೆ ಕಣ್ಣೊರೆಸಿಕೊಂಡಳು. “ಇದು ಅವರಿಗೆ ಗೊತ್ತಾದರೆ?”

“ಆಡಿದವರಿಗಿಂತ ಕೇಳಿಸಿಕೊಂಡು ಸುಮ್ಮನಿದ್ದವರು ಹೊಲಸು ಎನ್ನುತ್ತಾರೆ. ಹುಟ್ಟಿದ ಕಡೆ ನನ್ನ ಹೆಸರನ್ನು ಇನ್ನು ಯಾರೂ ಎತ್ತುವುದಿಲ್ಲ. ಇರಲಿ. ದೋಣಿ ಇನ್ನೂ ಕಟ್ಟಿದೆ. ಹೋಗು.”

“ಹೋಗಿ ಏನು ಹೇಳಲಿ?”

“ಅದನ್ನೂ ನಾನೇ ಹೇಳಿಕೊಟ್ಟರೆ ದುಭಾಷಿ ನಾನಾಗುತ್ತೇನೆ, ನೀನಲ್ಲ.”

ಹೊಂಬಾಳೆ ಹೊಳೆಗಿಳಿದಳು. ತಾರುಳರು ದೋಣಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು, ಅವರಿಗೆ ಕೇಳಿಸುವ ಹಾಗೆ ಬಾಯಿ ಮುಕ್ಕಳಿಸಿ ಉಗುಳಿದಳು.

ವೇನಾರು ತಿರುಗಲಿಲ್ಲ. “ಏನು ಮಾಡಿದೆ ಎಂದು ತಿಳಿಯಿತೇ, ಭೂಮಿಯವಳೇ?”

“ತಿಳಿಯಿತು ಹಿರಿಯರೇ.”

“ಏನು ಮಾಡಿದೆ?”

ಹೊಂಬಾಳೆಯ ಬಾಯಿ ತೆರೆಯಿತು. ಬೆಳಗಿನ ಹೊಂಬಾಳೆಯಾಗಿದ್ದರೆ ಬುಡದಿಂದ ತುದಿಯ ತನಕ ಹೇಳಿ, ತಪ್ಪಾಯ್ತು ಎಂದು ಕೈಮುಗಿದುಬಿಡುತ್ತಿದ್ದಳು. ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

“ಹೇಳುವುದಿಲ್ಲ,” ಎಂದಳು.

ಆಗ ವೇನಾರು ತಿರುಗಿದರು.

“ನಿನಗೆ ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ನೋಡಿ ತಿಳಿದೆ.”

“ಎಲ್ಲಿ ನೋಡಿದೆ?”

ಮಾತು ಜಾರಿತ್ತು. ವೇನಾರು ಕತ್ತೆತ್ತಿ ಆಶ್ರಮದ ಕಡೆ ನೋಡಿದರು. ಮೇಲೆ, ಜಗುಲಿಯ ಮೇಲೆ, ಒಂಟಿ ಆಕೃತಿ ಹೊಳೆಗೆ ಮುಖ ಮಾಡಿ ಕೂತಿತ್ತು.

“ಬೆಳಿಗ್ಗೆ ನನ್ನನ್ನು ಕೇಳಿದ್ದನ್ನು ನಿನ್ನ ಗುರುವನ್ನೂ ಕೇಳಿದ್ದೀಯಾ? ಅವರು ಸುಮ್ಮನಿದ್ದರೇ? ನಿಜ ಹೇಳು. ಹೇಳಿದರೆ ಈ ಗಳಿಗೆಯಿಂದಲೇ ನೀನು ನಮ್ಮ ದುಭಾಷಿ.”

ಹೌದು ಎಂದರೆ ಗುರುಗಳ ಹೆಸರು ಹೋಯಿತು. ಇಲ್ಲ ಎಂದರೆ ಸುಳ್ಳು. ಸುಮ್ಮನೆ ಅತ್ತರೆ ದೋಣಿ ಬರಿದಾಗಿ ಹೋಗುತ್ತದೆ, ಅದರ ಹಿಂದೆಯೇ ಭೂಮಿಯವರ ಮಾನವೂ ಹೋಗುತ್ತದೆ. ಸಭಾಮನೆಯಲ್ಲಿ ತೋರಣ ಕಟ್ಟಿಕೊಂಡು ನಿಂತ ಆ ಬೋಳು ಚೌಕಟ್ಟು ಅವಳ ಕಣ್ಮುಂದೆ ಬಂತು.

ಹೊಂಬಾಳೆ ಸೆರಗು ಬಿಗಿದು ನೆಟ್ಟಗೆ ನಿಂತಳು.

“ಹಿರಿಯರೇ, ಭೂಮಿಯವರಿಗೆ ಬಾಗಿಲೇ ಇಲ್ಲ ಅಂತ ನೀವೆಲ್ಲ ನಗುತ್ತೀರಿ. ಇವತ್ತಿನಿಂದ ಇದೆ. ನಾನು ನನ್ನ ಗುರುಗಳನ್ನು ಏನು ಕೇಳುತ್ತೇನೆ, ಅವರು ನನಗೆ ಏನು ಹೇಳುತ್ತಾರೆ, ಅದು ಆ ಬಾಗಿಲ ಹಿಂದಿದೆ. ತಟ್ಟಬೇಡಿ.”

ಸಂಗಡಿಗರಲ್ಲಿ ಗುಜುಗುಜು ಎದ್ದಿತು. ವೇನಾರು ಕೈಯೆತ್ತಿ ಸುಮ್ಮನಾಗಿಸಿದರು.

“ನಿನಗೆ ದುಭಾಷಿಯಾಗುವ ಆಸೆ ಇಲ್ಲವೇ?”

“ಆಸೆ ಇದೆ. ಬಾಗಿಲು ತೆಗೆದು ಕೊಡೋದಾದರೆ ಬೇಡ.”

ವೇನಾರು, ಸಭಾಮನೆಯಲ್ಲಿ ಮುಚ್ಚಿದ ಬಾಗಿಲುಗಳ ಮುಂದೆ ಮಾಡುವಂತೆ, ಒಂದು ಹೆಜ್ಜೆ ಹಿಂದೆ ಸರಿದು ತಲೆಬಾಗಿದರು.

ಒಕ್ಕೂಟ ಸೇರಿದಂದಿನಿಂದ ಭೂಮಿಯವರ ಮುಂದೆ ಯಾರೂ ಹಾಗೆ ಬಾಗಿರಲಿಲ್ಲ. ಹೊಂಬಾಳೆಗೆ ಎದೆ ತುಂಬಿ ಬಂತು. ತನ್ನ ಕೊಳ್ಳೇಗಾಲ, ತನ್ನ ಅವ್ವ, ತೋರಣ ಕಟ್ಟಿದ ಆ ಪೆದ್ದು ಜನ, ಎಲ್ಲರ ಪರವಾಗಿಯೂ ಅವಳು ಆ ನಮಸ್ಕಾರವನ್ನು ತಲೆಯೆತ್ತಿ ತೆಗೆದುಕೊಂಡಳು.

“ನಮ್ಮ ಬಾಗಿಲನ್ನೂ ಹೀಗೇ ಕಾಯುತ್ತೀಯಾ?” ಎಂದರು ವೇನಾರು.

“ಕಾಯುತ್ತೇನೆ.”

“ಹಾಗಾದರೆ ದೋಣಿ ಬರಿದಾಗಿ ಹೋಗುವುದಿಲ್ಲ.”

ಶಿಷ್ಯರೆಲ್ಲ ದಡಕ್ಕೆ ಓಡಿ ಬಂದರು. ಟಿಕ್ಕ ಎಲ್ಲರಿಗಿಂತ ಮುಂದೆ ಬಂದು, ಗರಿ ಕೆದರಿಕೊಂಡು, “ಬಿತ್ತಲ್ಲಪ್ಪಾ ಅಗುಳಿ!” ಎಂದು ಕೂಗಿದ. ಹೊಟ್ಟೆಕಿಚ್ಚಿದ್ದರೂ ಅವನ ದನಿಯಲ್ಲಿ ಖುಷಿಯೇ ಹೆಚ್ಚಿತ್ತು.

ಗುರುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರು. ಹೊಂಬಾಳೆ ಅವರ ಕಾಲು ಮುಟ್ಟಿ ಎದ್ದಳು. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮುಖ ಬಾಡಿತ್ತು, ತುಟಿ ಒಣಗಿತ್ತು.

ಗುರುಗಳು ಅವಳ ಕೆನ್ನೆಯ ಮೇಲೆ ಅಂಗೈಯಿಟ್ಟರು. ಏನೋ ಹೇಳಹೊರಟರು. ತುಟಿ ಅಲುಗಿತು, ದನಿ ಬರಲಿಲ್ಲ.

ವೇನಾರು ಅದನ್ನು ಕಂಡರು. ಆ ಸುಕ್ಕು ಮುಖವನ್ನು ಅವರು ಗುರುತು ಹಿಡಿದರೋ ಇಲ್ಲವೋ, ಏನನ್ನೂ ಕೇಳಲಿಲ್ಲ. ಮೆಲ್ಲಗೆ ಹೊಳೆಯ ಕಡೆ ತಿರುಗಿ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡರು. ಸಂಗಡಿಗರು ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಬೆಳಿಗ್ಗೆ ತಿರುಗಿದ್ದು ಸಿಟ್ಟಿನಿಂದ. ಈಗ ತಿರುಗಿದ್ದು, ಇಬ್ಬರು ಮನೆಯವರು ಮಾತಾಡಿಕೊಳ್ಳಲಿ ಎಂದು ನೆಂಟರು ಅಂಗಳಕ್ಕೆ ಇಳಿಯುವ ಹಾಗೆ.

ಗುರುಗಳು ಬೆನ್ನು ನೆಟ್ಟಗೆ ಮಾಡಿದರು. ಹುಟ್ಟಿದಂದಿನಿಂದ ನಾಲಿಗೆಯ ಮೇಲೆ ತಂದಿರದ ಮಾತನ್ನು, ತುಂಬಿದ ಸಭೆಯಲ್ಲಿ ಮಗಳ ಹೆಸರು ಹೇಳುವವರಂತೆ, ಗಟ್ಟಿಯಾಗಿ ಕೇಳಿದರು:

“ಊಟ ಆಯ್ತಾ, ಮಗು?”