ಹೂ ಮುಡಿದ ಏಣಿ

ಭಗವಂತನ ದಯೆಯಿಂದ ತುಂಬಿ ತುಳುಕುತ್ತಿದ್ದ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಮರದ ಏಣಿಯೊಂದಿತ್ತು. ಅದರ ನಾಲ್ಕನೆಯ ಮೆಟ್ಟಿಲು ಬಿರುಕು ಬಿಟ್ಟು ತಿಂಗಳಾಗಿತ್ತು. ಆಯುಧಪೂಜೆಯ ದಿನ ಮೇಸ್ತ್ರಿ ಸಂಗನಬಸಯ್ಯ ಆ ಬಿರುಕಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಸುತ್ತಿ, ಏಣಿಯ ತುದಿಗೊಂದು ನಿಂಬೆಹಣ್ಣು ಕಟ್ಟಿದ.

ಏಣಿಗೆ ಮೈಯೆಲ್ಲ ಉರಿದುಹೋಯಿತು. "ಇವನ ಭಕ್ತಿಗೆ ಬೆಂಕಿ ಬೀಳಲಿ! ಗಾಯ ತೋರಿಸಿದರೆ ಹೂ ಮುಡಿಸುತ್ತಾನಲ್ಲ!"

"ಹಬ್ಬದ ದಿನ ಕೆಟ್ಟ ಮಾತು ಬೇಡಮ್ಮ," ಎಂದಿತು ನಿಂಬೆಹಣ್ಣು. "ನಾನಿರುವಾಗ ಯಾರ ಕಣ್ಣೂ ತಾಗದು."

"ಕಣ್ಣು ತಾಗಿದರೆ ನೀನು ನೋಡಿಕೋ, ತಾಯಿ. ಬಿರುಕು ಬಿಟ್ಟರೆ ಬಡಿಗನೇ ಬರಬೇಕು. ಚೀಲ ಹೊತ್ತು ನನ್ನನ್ನು ಹತ್ತುವ ಹಮಾಲ ಯಮನೂರಪ್ಪ ಬಿದ್ದರೆ ಅವನ ಸೊಂಟ ನೀನು ಕೂಡಿಸುತ್ತೀಯಾ?"

ಅಷ್ಟರಲ್ಲಿ ಯಮನೂರಪ್ಪ ಚೀಲ ಹೊತ್ತು ಬಂದು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಏಣಿ ದೇವರನ್ನು ನೆನೆದು, ಸಿಟ್ಟನ್ನೆಲ್ಲ ಒಟ್ಟುಗೂಡಿಸಿ, ಅವನು ಮೇಲೇರುವ ಮೊದಲೇ ತನ್ನ ನಾಲ್ಕನೆಯ ಮೆಟ್ಟಿಲನ್ನು ತಾನೇ ಮುರಿದುಕೊಂಡಿತು. ಮಾಲೆಯ ಸಮೇತ ಕಟ್ಟಿಗೆ ಅವನ ಕಾಲಬುಡಕ್ಕೆ ಬಿತ್ತು.

"ಅಪಶಕುನ!" ಎಂದು ಮೇಸ್ತ್ರಿ ಕೂಗಿದ.

ಯಮನೂರಪ್ಪ ಚೀಲ ಇಳಿಸಿದ. "ಶಕುನ ಅಲ್ರಿ ಮೇಸ್ತ್ರಿ, ಬಿರಕ ಬಿಟ್ಟ ಕಟ್ಟಿಗಿ ಇದು. ಇದಕ್ಕ ಹೂ ಹಾಕಿ ನನ್ನ ಮ್ಯಾಲ ಕಳಸ್ತಿದ್ರಿ. ನನಗೂ ಒಂದು ಮಾಲಿ ತಂದಿಟ್ಟಿದ್ರೇನು? ಬಡಿಗೇರ ಬರೋತನಕ ನಾ ಹತ್ತಂಗಿಲ್ಲ."

ಉಳಿದ ಹಮಾಲರೂ ಚೀಲ ಇಳಿಸಿದರು. ಮೇಸ್ತ್ರಿ ಆರತಿ ತಟ್ಟೆಯನ್ನು ಕೆಳಗಿಟ್ಟು, ಬಿಸಿಲಲ್ಲಿ ಬಡಿಗನ ಮನೆಯತ್ತ ನಡೆದ.

ಆ ದಿನದ ಪೂಜೆ ಭಗವಂತನಿಗೆ ಸಂದದ್ದು ಆಗಲೇ.